ಸೈಕಲ್, ಚಹಾ ಮತ್ತು ಒಡನಾಟ: ಇಂಗ್ಲೆಂಡಿನ ಸೈಕಲ್ ಕ್ಲಬ್‌ಗಳು ನಡೆದು ಬಂದ ದಾರಿ

ಸೈಕಲ್ ಕ್ಲಬ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಸ್ಪರ್ಧೆ, ಪದಕ, ಟ್ರೋಫಿಗಳು ನೆನಪಾಗುವುದು ಸಹಜ. ಆದರೆ ಇಂಗ್ಲೆಂಡಿನಲ್ಲಿ ಸುಮಾರು ಒಂದೂವರೆ ಶತಮಾನದಿಂದ ಉಳಿದು ಬಂದಿರುವ ಒಂದು ಸೈಕಲ್ ಸಂಘಕ್ಕೆ ಸ್ಪರ್ಧೆ ಎಂದೂ ಮುಖ್ಯವಾಗಿರಲಿಲ್ಲ. ಒಟ್ಟಾಗಿ ಸವಾರಿ ಹೋಗುವುದು, ದಾರಿಯಲ್ಲಿ ಜೊತೆಯಾಗಿ ಊಟ-ಚಹಾ ಮಾಡುವುದು, ರಜೆಯಲ್ಲಿ ಪ್ರವಾಸ ಹೊರಡುವುದು ಇದರ ಮುಖ್ಯ ಕೆಲಸ.

ಗೋಡೆಯ ಮೇಲಿನ ರೆಕ್ಕೆಯ ಚಕ್ರ

1878ರ ಆಗಸ್ಟ್‌ನಲ್ಲಿ ಯಾರ್ಕ್‌ಶೈರಿನ ಹ್ಯಾರೊಗೇಟ್ ಪಟ್ಟಣದಲ್ಲಿ ಸ್ಟ್ಯಾನ್ಲಿ ಕಾಟರೆಲ್ ಎಂಬವರ ಮುಂದಾಳತ್ವದಲ್ಲಿ ಬೈಸಿಕಲ್ ಟೂರಿಂಗ್ ಕ್ಲಬ್ ಹುಟ್ಟಿಕೊಂಡಿತು. 1883ರಲ್ಲಿ ಮೂರು ಚಕ್ರದ ಸವಾರರನ್ನೂ ಒಳಗೊಳ್ಳುವಂತೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರು ಬದಲಾಯಿತು. 2016ರಿಂದ ಇದು ಸೈಕ್ಲಿಂಗ್ ಯುಕೆ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ.

ಆ ಕಾಲದಲ್ಲಿ ಧೂಳು ಮೆತ್ತಿಕೊಂಡು ಪರವೂರಿಗೆ ಬಂದಿಳಿದ ಸವಾರನಿಗೆ ಎದುರಾಗುತ್ತಿದ್ದ ಮೊದಲ ಪ್ರಶ್ನೆ, ರಾತ್ರಿ ಎಲ್ಲಿ ತಂಗುವುದು ಎಂಬುದು. ಕ್ಲಬ್ ಊರೂರಿನ ವಸತಿಗೃಹಗಳೊಡನೆ ಒಪ್ಪಂದ ಮಾಡಿಕೊಂಡು, ಸದಸ್ಯರಿಗೆ ಗೊತ್ತಾದ ದರದಲ್ಲಿ ಊಟ-ವಸತಿ ಸಿಗುವಂತೆ ಮಾಡಿತು. ಇಂಥ ಮನೆಗಳ ಗೋಡೆಗೆ ರೆಕ್ಕೆಗಳುಳ್ಳ ಚಕ್ರದ ಕಬ್ಬಿಣದ ಫಲಕ ಹಾಕಲಾಯಿತು. ಈ ಹಳೆಯ ಫಲಕಗಳನ್ನು ಕೆಲವೆಡೆ ಇಂದೂ ಕಾಣಬಹುದು. ಅಷ್ಟೇ ಅಲ್ಲ, ಊರಿನ ರಸ್ತೆ, ರಿಪೇರಿ ಅಂಗಡಿ ಮುಂತಾದವುಗಳ ಮಾಹಿತಿ ನೀಡಲು ಅಲ್ಲಲ್ಲಿ ಪ್ರತಿನಿಧಿಗಳನ್ನೂ ನೇಮಿಸಿತು. 1899ರ ಹೊತ್ತಿಗೆ ಸದಸ್ಯರ ಸಂಖ್ಯೆ 60 ಸಾವಿರ ದಾಟಿತ್ತು.

ಮೇಜಿನಲ್ಲಿ ಯಾರಿಗೆ ಜಾಗ?

1898ರಲ್ಲಿ ಕ್ಲಬ್ಬಿನ ಸದಸ್ಯೆ ಲೇಡಿ ಹಾರ್ಬರ್ಟನ್ ಸರ‍್ರೆ ಪ್ರಾಂತ್ಯದ ಓಕಮ್‌ನಲ್ಲಿದ್ದ ಹಾಟ್‌ಬಾಯ್ ಹೋಟೆಲಿಗೆ ಊಟಕ್ಕೆಂದು ಹೋದರು. ಉದ್ದ ಲಂಗದ ಬದಲು ಸೈಕಲ್ ತುಳಿಯಲು ಅನುಕೂಲವಾದ ಸಡಿಲ ಚಡ್ಡಿಯಂಥ ಉಡುಪು ಧರಿಸಿದ್ದ ಕಾರಣ, ಮರ್ಯಾದಸ್ಥರು ಕೂರುವ ಕೋಣೆಯಲ್ಲಿ ಅವರಿಗೆ ಪ್ರವೇಶ ಸಿಗಲಿಲ್ಲ. ಮದ್ಯದ ಅಂಗಡಿಗೆ ತಾಗಿದ ಕೋಣೆಯಲ್ಲಿ ಬೇಕಿದ್ದರೆ ಊಟ ಮಾಡಬಹುದು ಎಂದರು. ಕ್ಲಬ್ ಸುಮ್ಮನಿರದೆ ನ್ಯಾಯಾಲಯಕ್ಕೆ ಹೋಯಿತು. 1899ರಲ್ಲಿ ತೀರ್ಪು ಕ್ಲಬ್ಬಿನ ವಿರುದ್ಧ ಬಂತು. ಮೊಕದ್ದಮೆ ಸೋತರೂ, ದಾರಿಹೋಕರನ್ನು ಗೌರವದಿಂದ ಬರಮಾಡಿಕೊಳ್ಳುವುದು ಎಂದರೇನು ಎಂಬ ವಿಷಯ ಪತ್ರಿಕೆಗಳಲ್ಲಿ ಚರ್ಚೆಗೆ ಬಂತು.

ಭಾನುವಾರದ ಸವಾರಿ

ಭಾನುವಾರದ ಸವಾರಿ ಇಂಥ ಕ್ಲಬ್ಬುಗಳ ಜೀವಾಳ. ಇದರ ಕ್ರಮ ಸರಳ. ಬೆಳಿಗ್ಗೆ ಗೊತ್ತಾದ ಜಾಗದಲ್ಲಿ ಸೇರುವುದು, 11 ಗಂಟೆಯ ಸುಮಾರಿಗೆ ಕಾಫಿ, ಮಧ್ಯಾಹ್ನ ಊಟ, ಸಂಜೆ ಮರಳುವಾಗ ಚಹಾ. ದಾರಿ ಬಲ್ಲ ಒಬ್ಬರು ಮುಂದೆ, ಜವಾಬ್ದಾರಿಯುಳ್ಳ ಇನ್ನೊಬ್ಬರು ಎಲ್ಲರಿಗಿಂತ ಹಿಂದೆ. ತಿರುವು ಬಂದಲ್ಲಿ ಒಬ್ಬರು ನಿಂತು, ಕೊನೆಯವರು ಬಂದ ಬಳಿಕವೇ ಹೊರಡುತ್ತಾರೆ. ವಯಸ್ಸಾಗಿ ಸೈಕಲ್ ತುಳಿಯಲಾಗದವರು ನೇರವಾಗಿ ಊಟದ ಜಾಗಕ್ಕೇ ಬಂದು ಕೂಡಿಕೊಳ್ಳುವುದುಂಟು. ಚಳಿಗಾಲದಲ್ಲಿ ವಾರ್ಷಿಕ ಭೋಜನ, ಪ್ರವಾಸದ ಚಿತ್ರಗಳ ಪ್ರದರ್ಶನ ನಡೆಯುತ್ತವೆ.

1894ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭವಾದ ಕ್ಲಾರಿಯನ್ ಸೈಕಲ್ ಕ್ಲಬ್ ಸಮಾಜವಾದಿ ಕಾರ್ಮಿಕರ ಕೂಟ. ಮರುವರ್ಷದಿಂದಲೇ ಈಸ್ಟರ್ ರಜೆಯಲ್ಲಿ ಬೇರೆ ಬೇರೆ ಊರಿನ ಸದಸ್ಯರು ಒಂದೆಡೆ ಸೇರತೊಡಗಿದರು. ಲ್ಯಾಂಕಶೈರಿನ ನೆಲ್ಸನ್ ಪಟ್ಟಣದ ಸಮೀಪ 1912ರಲ್ಲಿ ತೆರೆದ ಕ್ಲಾರಿಯನ್ ಹೌಸ್, ಗಿರಣಿ ಕಾರ್ಮಿಕರಿಗೆ ವಾರದ ಒಂದು ದಿನ ಹೊಗೆಯಿಂದ ದೂರ ಕೂತು ಚಹಾ ಕುಡಿಯುವ ತಾಣವಾಯಿತು.

ಪ್ರವಾಸದ ರಜೆ

ಕ್ಲಬ್ ಪ್ರವಾಸಗಳಲ್ಲಿ ಎರಡು ಬಗೆ. ಒಂದು, ಸಾಮಾನು ಸೈಕಲಿಗೇ ಕಟ್ಟಿಕೊಂಡು ದಿನಕ್ಕೊಂದು ಊರಿನಂತೆ ಸಾಗುವುದು. ಇನ್ನೊಂದು, ಒಂದೇ ಊರಿನಲ್ಲಿ ವಾರವಿಡೀ ತಂಗಿ ಪ್ರತಿದಿನ ಬೇರೆ ದಿಕ್ಕಿಗೆ ಹೋಗಿ ಬರುವುದು. ಮಕ್ಕಳು, ಹಿರಿಯರು ಇರುವವರಿಗೆ ಎರಡನೆಯದೇ ಅನುಕೂಲ. 1930ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಯೂತ್ ಹಾಸ್ಟೆಲ್ ಸಂಸ್ಥೆ ಆರಂಭವಾದ ಮೇಲೆ ಕಡಿಮೆ ಸಂಬಳದ ಯುವಕ-ಯುವತಿಯರಿಗೂ ಪ್ರವಾಸ ಕೈಗೆಟುಕಿತು. ದಿನಕ್ಕೆ ಎಷ್ಟು ಕಿಲೋಮೀಟರ್, ಏರುದಾರಿ ಎಷ್ಟು, ತಂಗುವುದೆಲ್ಲಿ, ಖರ್ಚೆಷ್ಟು ಎಂಬುದನ್ನು ಮುಂದಾಳು ಮೊದಲೇ ತಿಳಿಸುವುದು ವಾಡಿಕೆ. ತಮ್ಮ ಶಕ್ತಿಗೆ ಹೊಂದುವುದೇ ಎಂದು ನೋಡಿ ಸೇರಲು ಇದರಿಂದ ಸಾಧ್ಯವಾಗುತ್ತದೆ.

ಅಗಲಿದವರ ಸ್ಮರಣೆ

ಪ್ರಥಮ ಮಹಾಯುದ್ಧದಲ್ಲಿ ಮಡಿದ ಸೈಕಲ್ ಸವಾರರ ನೆನಪಿಗಾಗಿ 1921ರಲ್ಲಿ ಮೆರಿಡೆನ್ ಎಂಬ ಹಳ್ಳಿಯ ಹಸಿರು ಬಯಲಿನಲ್ಲಿ ಸ್ಮಾರಕ ಸ್ತಂಭ ಎದ್ದಿತು. ಮೇ ತಿಂಗಳಲ್ಲಿ ಸವಾರರು ಅಲ್ಲಿಗೆ ಸೈಕಲಿನಲ್ಲೇ ಬಂದು ಪ್ರಾರ್ಥನೆಯಲ್ಲಿ ಭಾಗವಹಿಸುವ ಸಂಪ್ರದಾಯ ಬೆಳೆಯಿತು. ನಮ್ಮ ಓದುಗರಿಗೆ ಇನ್ನೊಂದು ಸಂಗತಿಯೂ ತಿಳಿದಿರಲಿ. ಇಟಲಿಯ ಕೋಮೊ ಸರೋವರದ ಬಳಿ ಬೆಟ್ಟದ ಮೇಲಿರುವ ಗಿಸಾಲ್ಲೊ ಮಾತೆಯನ್ನು 1949ರಲ್ಲಿ ಪೋಪ್ 12ನೇ ಪಿಯುಸ್ ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು.

ಇಂದು ದಾರಿ ತೋರಿಸಲು, ಕೋಣೆ ಕಾದಿರಿಸಲು ಮೊಬೈಲ್ ಸಾಕು. ಹಾಗಾಗಿ ಕ್ಲಬ್ ಏಕೆ ಬೇಕೆಂದು ಕೇಳುವವರಿದ್ದಾರೆ. ಹಲವು ಸ್ಥಳೀಯ ಗುಂಪುಗಳಲ್ಲಿ ಈಗ ನಿವೃತ್ತರೇ ಹೆಚ್ಚು. ಒಂಟಿಯಾಗಿ ಬದುಕುವ ಹಿರಿಯರಿಗೆ ವಾರಕ್ಕೊಮ್ಮೆ ಸಿಗುವ ಆ ಚಹಾದ ಮೇಜು ಚಿಕ್ಕ ಸಂಗತಿಯಲ್ಲ. ಅವರು ಒಂದು ವಾರ ಬಾರದಿದ್ದರೆ ವಿಚಾರಿಸುವವರು ಅಲ್ಲಿ ಇರುತ್ತಾರೆ. ನಮ್ಮ ವಾಳೆಗಳಲ್ಲಿ, ಯುವ ಸಂಘಟನೆಗಳಲ್ಲಿ ಪ್ರವಾಸ, ಪಿಕ್ನಿಕ್ ಏರ್ಪಡಿಸುವವರು ಕೂಡ ಖರ್ಚು ಮತ್ತು ಶ್ರಮವನ್ನು ಮುಂಚಿತವಾಗಿ ತಿಳಿಸುವುದು, ಕೊನೆಯವರಿಗಾಗಿ ಕಾಯುವುದು, ನಡೆಯಲಾಗದವರಿಗೂ ಊಟದ ಹೊತ್ತಿಗಾದರೂ ಬಂದು ಸೇರಲು ಅನುಕೂಲ ಮಾಡುವುದು ಎಂಬ ಈ ಮೂರು ಕ್ರಮಗಳನ್ನು ಸುಲಭವಾಗಿ ಅಳವಡಿಸಿಕೊಳ್ಳಬಹುದು.