ಓದಲೊಲ್ಲದ ಹುಡುಗರು: ಮಾನೇಸರಿನ ಒಂದು ಪರೀಕ್ಷಾಸಾಧನ

ಓದಲೊಲ್ಲದ ಹುಡುಗನನ್ನು ಸೋಮಾರಿಯೆಂದು ಹಳಿಯುವ ಮೊದಲು, ಅವನಿಗೆ ಓದು ಬೇಡವೋ ಬಾರದೋ ಎಂಬುದನ್ನು ಅರಿಯಬೇಕು. ಹರಿಯಾಣದ ಮಾನೇಸರಿನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು 2015ರಲ್ಲಿ ಹೊರತಂದ ‘ಡಾಲಿ’ ಎಂಬ ಪರೀಕ್ಷಾಸಾಧನವು ಇದಕ್ಕೆ ನೆರವಾಗುತ್ತದೆ. ಹಿಂದಿ, ಮರಾಠಿ, ಇಂಗ್ಲಿಷ್‌ಗಳೊಡನೆ ಕನ್ನಡದಲ್ಲಿಯೂ ಅದು ಸಿದ್ಧವಾಗಿರುವುದು ನಮಗೆ ಮುಖ್ಯ. ಇಂಗ್ಲಿಷಿನ 26 ಅಕ್ಷರಗಳ ಅಳತೆಗೋಲು ಕನ್ನಡಕ್ಕೆ ಸಲ್ಲದು; ಕಾಗುಣಿತ, ಒತ್ತಕ್ಷರಗಳು ಸೇರಿ ಇಲ್ಲಿ ಕಲಿಯಬೇಕಾದ ರೂಪಗಳು ನೂರಾರು. ಈ ಕಲಿಕೆಯು ನಾಲ್ಕನೆಯ ತರಗತಿಯವರೆಗೂ ಸಾಗುವುದನ್ನು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಆದುದರಿಂದ ಮೂರನೆಯ ತರಗತಿಯ ಹುಡುಗ ‘ರಾಷ್ಟ್ರ’ ಎಂಬಲ್ಲಿ ತಡವರಿಸಿದೊಡನೆ ಅದನ್ನು ದೋಷವೆಂದಾಗಲಿ ಉದಾಸೀನವೆಂದಾಗಲಿ ತೀರ್ಮಾನಿಸುವುದು ಅನುಚಿತ. ಒತ್ತಕ್ಷರ ವಿರಳವಾಗಿರುವ, ಅವನೇ ಆಯ್ದ ಪುಟ್ಟ ಪುಸ್ತಕವನ್ನು (ಕ್ರಿಕೆಟ್ಟಿನದೋ ಹಾವಿನದೋ, ಯಾವುದಾದರೂ ಸರಿ) ಹಿರಿಯರೊಬ್ಬರು ಜೊತೆಗೆ ಕುಳಿತು ಗಟ್ಟಿಯಾಗಿ ಓದಬೇಕು. ಬೀದಿಯ ಫಲಕಗಳೆಲ್ಲ ನಾಗರಿ ಇಲ್ಲವೆ ರೋಮನ್ ಲಿಪಿಯಲ್ಲಿರುವ ಈ ಸೀಮೆಯ ಕನ್ನಡ ಮನೆಗಳಲ್ಲಿ, ಆ ಹುಡುಗನು ಕನ್ನಡ ಅಕ್ಷರವನ್ನು ಕಾಣುವುದು ಆ ಹೊತ್ತಿನಲ್ಲಿ ಮಾತ್ರ.