ತೋಟ ಅಡವಿಡುವ ಮುಂಚೆ

ಪ್ರಶ್ನೆ: ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಬ್ರಿಟನ್ನಿಗೆ ಕಳಿಸಲು ಏಜೆಂಟರು ಐದು ಲಕ್ಷ ಕೇಳುತ್ತಿದ್ದಾರೆ. ಕಾಫಿ ತೋಟ ಅಡವಿಡಬೇಕೆ?
– ಓದುಗರು, ಗೋಣಿಬೀಡು

ಉತ್ತರ: ದಯವಿಟ್ಟು ಬೇಡ. ನಮ್ಮ ವಲಸೆ ನಿಯಮದಂತೆ ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಕೆಲಸ ಕೊಡಿಸಿದ್ದಕ್ಕೆ ನರ್ಸುಗಳಿಂದ ಹಣ ಪಡೆಯುವುದನ್ನು ಬ್ರಿಟನ್ನಿನ ನೀತಿಸಂಹಿತೆ ಒಪ್ಪುವುದೇ ಇಲ್ಲ. ಆ ಏಜೆಂಟರ ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ಇವತ್ತೇ ನೋಡಿ.

ಖರ್ಚು ಮಾಡುವುದಾದರೆ ಇಂಗ್ಲಿಷ್ ತರಬೇತಿಗೆ ಮಾಡಿ. ಐಇಎಲ್‌ಟಿಎಸ್‌ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಮಾತಿಗೆ ತಲಾ 7, ಬರವಣಿಗೆಗೆ 6.5 ಬೇಕು, ಅದರ ಬದಲು ಒಇಟಿ ಪರೀಕ್ಷೆಯೂ ನಡೆಯುತ್ತದೆ. ನರ್ಸಾಗಿ ನೋಂದಾಯಿಸಲು ಇನ್ನೆರಡು ಪರೀಕ್ಷೆಗಳಿವೆ. ಕಂಪ್ಯೂಟರಿನದನ್ನು ಭಾರತದಲ್ಲೇ ಬರೆಯಬಹುದು, ಪ್ರಾಯೋಗಿಕ ಪರೀಕ್ಷೆಗೆ ಬ್ರಿಟನ್ನಿಗೇ ಹೋಗಬೇಕು.

ಇನ್ನೊಂದು, ಯಾರೂ ಮೊದಲೇ ಹೇಳದ ತೊಡಕು ಹೆಸರಿನದು. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ನಮ್ಮ ಕಡೆಯ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಪಾಸ್‌ಪೋರ್ಟ್, ಪದವಿ ಪ್ರಮಾಣಪತ್ರ, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ, ಈ ಮೂರರಲ್ಲೂ ಹೆಸರು ಒಂದೇ ಆಗಿರುವಂತೆ ಈಗಲೇ ಸರಿಪಡಿಸಿಕೊಳ್ಳಿ. ಪರಿಷತ್ತಿನ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ರಾಜ್ಯ ಸರ್ಕಾರದ ಅಂತಾರಾಷ್ಟ್ರೀಯ ವಲಸೆ ಕೇಂದ್ರದಲ್ಲೂ ಖಂಡಿತ ವಿಚಾರಿಸಿ.