ಮಾಳದ ತೋಟದಲ್ಲಿ ತುಡುವೆಯ ಸಂಸಾರ

ಮಾರ್ಚಿ ಹಿಡಿಯುವ ಹೊತ್ತಿಗೆ ಕಾರ್ಕಳದಿಂದ ಬಜಗೋಳಿ ದಾಟಿ ಮಾಳದ ಕಡೆ ಹೊರಡಿ. ರಸ್ತೆಯ ಬದಿಯ ರಬ್ಬರು ತೋಟಗಳು ತಾಮ್ರಬಣ್ಣದ ಚಿಗುರು ಹೊತ್ತು ನಿಂತಿರುತ್ತವೆ. ಗಾಡಿ ನಿಲ್ಲಿಸಿ ಒಂದು ಮರದಡಿ ಕಿವಿಗೊಟ್ಟರೆ, ಕಣ್ಣಿಗೆ ಹೂವಿಲ್ಲ, ಮೂಗಿಗೆ ಪರಿಮಳವಿಲ್ಲ, ಆದರೂ ನೆತ್ತಿಯ ಮೇಲೆ ಬಿಡದ ಝೇಂಕಾರ. ರಬ್ಬರಿನ ಎಳೆಯೆಲೆಯ ತೊಟ್ಟಿನ ತುದಿಯಲ್ಲಿ ಸಣ್ಣ ಗ್ರಂಥಿಗಳಿವೆ. ಅಲ್ಲಿ ಒಸರುವ ಸಿಹಿಗೆ ಜೇನುನೊಣಗಳು ಮುತ್ತಿವೆ. ಜೇನೆಂದರೆ ಹೂವಿನದ್ದೇ ಎಂದು ನಾವು ನಂಬಿದ್ದರೂ ಕರಾವಳಿಯ ಪೆಟ್ಟಿಗೆಗಳನ್ನು ತುಂಬಿಸುವುದರಲ್ಲಿ ಈ ಎಲೆಯ ಪಾಲು ದೊಡ್ಡದು.

ರಬ್ಬರು ಮುಗಿದು ಅಡಿಕೆ ತೋಟ ಶುರುವಾಗುವಲ್ಲಿ, ಗೇರುಮರದ ನೆರಳಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳು. ಇರುವೆ ಹತ್ತದಂತೆ ಕಾಲುಗಳ ಬುಡಕ್ಕೆ ನೀರು ತುಂಬಿದ ತೆಂಗಿನ ಗೆರಟೆ. ಪಂಚೆ ಎತ್ತಿಕಟ್ಟಿದ ತೋಟದ ಹಿರಿಯರ ಕೈಗೆ ಗವಸಿಲ್ಲ, ಮುಖಕ್ಕೆ ಪರದೆಯಿಲ್ಲ. "ಎದುರು ನಿಲ್ಬೇಡಿ ಮಾರಾಯ್ರೆ, ಅದು ಅವುಗಳ ದಾರಿ" ಎನ್ನುತ್ತಾರೆ. ನಾವು ಪಕ್ಕಕ್ಕೆ ಸರಿದು ಕೂರುತ್ತೇವೆ.

ಬಾಗಿಲ ಹಲಗೆಯ ಮೇಲೆ ನಾಲ್ಕಾರು ನೊಣಗಳು ಸಾಲಾಗಿ, ಮುಖ ಹೊರಗೆ ಮಾಡಿ, ಇದ್ದಲ್ಲೇ ರೆಕ್ಕೆ ಬಡಿಯುತ್ತಿವೆ. ಒಳಗಿನ ಸೆಕೆ ತಣಿಸಲು ಗಾಳಿ ಹಾಕುವವು ಇವು. ವಿದೇಶದಿಂದ ಬಂದ ಮೆಲ್ಲಿಫೆರಾ ಜೇನು ಮುಖ ಒಳಗೆ ಮಾಡಿ ಗಾಳಿಯನ್ನು ಹೊರಗೆಳೆದರೆ, ನಮ್ಮ ತುಡುವೆ ಹೊರಗಿನ ಗಾಳಿಯನ್ನು ಒಳಕ್ಕೆ ನೂಕುತ್ತದೆ. ಮರಿಗಳಿರುವಲ್ಲಿ ಸುಮಾರು 34 ಡಿಗ್ರಿ ಬಿಸಿ ಕಾಯಬೇಕು. ತುಸು ಹೆಚ್ಚಾದರೂ ಯಾರೂ ಕರೆಯದೆ ಇನ್ನೆರಡು ಹುಳ ಬಂದು ಸಾಲಿಗೆ ಸೇರುತ್ತವೆ.

ಹಿರಿಯರು ಬೆರಳಿನಿಂದ ಪೆಟ್ಟಿಗೆ ತಟ್ಟಿದರೆ ಒಳಗಿನಿಂದ ಒಮ್ಮೆಗೇ 'ಸುಂಯ್' ಎಂಬ ಸದ್ದು ಎದ್ದು ಅಡಗುತ್ತದೆ. ಮುಚ್ಚಳ ತೆಗೆದಾಗ ಬಿಸಿ ಮೇಣದ, ಹುಳಿ ಬೆರೆತ ಸಿಹಿಯ ವಾಸನೆ. ಮೇಲಿನದು ಜೇನುಕೋಣೆ, ಕೆಳಗಿನದು ಸಂಸಾರಕೋಣೆ. ಚೌಕಟ್ಟನ್ನು ಬೆಳಕಿಗೆ ಹಿಡಿದರೆ ಎರಿಯ ಒಂದೊಂದು ಕಣ್ಣೂ ಬೇರೆ ಬೇರೆ. ಇಲ್ಲೊಂದರಲ್ಲಿ ಅಕ್ಕಿಯ ನುಚ್ಚಿಗಿಂತ ಸಣ್ಣ ಮೊಟ್ಟೆ, ಅಲ್ಲೊಂದರಲ್ಲಿ ಹಾಲುಬಿಳಿಯ ಮರಿ, ಅಂಚಿನಲ್ಲಿ ಅಡಿಕೆ ಹಿಂಗಾರದ ಪರಾಗ. ಈಗಷ್ಟೇ ಹೊರಬಂದ ನೊಣವೊಂದು ತಾನು ಹುಟ್ಟಿದ ಕಣ್ಣಿನ ಸುತ್ತಲೇ ಕಸ ತೆಗೆಯುತ್ತಿದೆ. ಅದರ ಮೊದಲ ಕೆಲಸ ಅದು. ಆಮೇಲೆ ಮರಿಗಳಿಗೆ ಉಣಿಸುವುದು, ಮೇಣ ಕಟ್ಟುವುದು, ಬಾಗಿಲು ಕಾಯುವುದು. ಕೊನೆಯ ದಿನಗಳಲ್ಲಷ್ಟೇ ಹೊರಗಿನ ಓಡಾಟ. ರಾಣಿ ಎಂದು ಹೆಸರಿದ್ದರೂ ಆಕೆ ಅಪ್ಪಣೆ ಕೊಡುವವಳಲ್ಲ, ಮೊಟ್ಟೆ ಇಡುವವಳು. ಸಿಹಿ ಎಲ್ಲಿದೆ ಎಂದು ಕಂಡು ಬಂದ ಹುಳ ಕುಣಿದು ತೋರಿಸುತ್ತದೆ, ಉಳಿದವು ಹೊರಡುತ್ತವೆ. ಆ ಕುಣಿತದ ಗುಟ್ಟು ಬಿಡಿಸಿದ ಕಾರ್ಲ್ ಫಾನ್ ಫ್ರಿಷ್ ಅವರಿಗೆ 1973ರಲ್ಲಿ ನೊಬೆಲ್ ಬಂತು.

ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದು. ದುಡಿಮೆಯ ಕಾಲದಲ್ಲಿ ಕೆಲಸಗಾರ ನೊಣ ಬದುಕುವುದು ಹೆಚ್ಚೆಂದರೆ ಒಂದೂವರೆ ತಿಂಗಳು. ಇಂದು ರಬ್ಬರು ಚಿಗುರಿನಿಂದ ಹೊತ್ತು ತಂದ ಸಿಹಿಯ ನೀರು ಇಂಗಿಸಿ, ಮೇಣದಿಂದ ಮುಚ್ಚಿ ಭದ್ರ ಮಾಡುತ್ತಿರುವ ಹುಳ ಜೂನಿನ ಮಳೆ ಕಾಣುವುದಿಲ್ಲ. ಆಟಿ ತಿಂಗಳ ಬಿಡದ ಮಳೆಗೆ ಹೊರಗೆ ಕಾಲಿಡಲಾಗದೆ ಕೂತು ಈ ಜೇನು ಉಣ್ಣುವವು ಇನ್ನೂ ಹುಟ್ಟಬೇಕಾದವು. ತನ್ನ ಬಾಯಿಗೆ ಬಾರದ ತುತ್ತಿಗಾಗಿ ಇಷ್ಟು ನಿಷ್ಠೆಯಿಂದ ದುಡಿಯುವುದನ್ನು ಹತ್ತಿರದಿಂದ ನೋಡಿದವರಿಗೆ ಬೇರೆ ಉಪದೇಶ ಬೇಕಾಗದು.

ಕುಟುಂಬ ಪಾಲಾಗುವುದನ್ನೂ ಇಲ್ಲಿ ನೆನೆಯಬೇಕು. ಮನೆ ತುಂಬಿ, ಜೇನು ತುಂಬಿ, ಎಲ್ಲ ಸುಖವಾಗಿರುವಾಗಲೇ ಹಳೆಯ ರಾಣಿ ಒಂದಷ್ಟು ಬಳಗ ಕಟ್ಟಿಕೊಂಡು ಹೊರಡುತ್ತಾಳೆ. ಕಟ್ಟಿದ ಎರಿ, ಕೂಡಿಟ್ಟ ಜೇನು ಹುಟ್ಟಲಿರುವ ಮಗಳಿಗೆ. ಅಳಿಯಕಟ್ಟಿನ ಈ ನಾಡಿಗೆ ಮನೆ ಮಗಳ ಪಾಲಾಗುವುದು ಹೊಸತಲ್ಲ. ತಾಯಿಯೇ ಎದ್ದು ಹೊಸ ಜಾಗ ಹುಡುಕಿ ಹೊರಡುವುದು ಮಾತ್ರ ನಮ್ಮಿಂದಾಗದ್ದು.

ಈ ಸಂಸಾರ ಒಮ್ಮೆ ಅಳಿಯುವ ಹಂತಕ್ಕೂ ಹೋಗಿತ್ತು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದು, ಮರಿಗಳು ನೀರು ತುಂಬಿದ ಚೀಲದಂತಾಗಿ ಸತ್ತವು. ಕರಾವಳಿಯಲ್ಲೂ ಪೆಟ್ಟಿಗೆಗಳು ಬರಿದಾಗಿ ಹಲವರು ಕಸುಬು ಬಿಟ್ಟರು. ಉಳಿದುಕೊಂಡ ಕುಟುಂಬಗಳಿಂದಲೇ ಮತ್ತೆ ವಂಶ ಬೆಳೆಯಿತು.

ಘಟ್ಟದ ಬುಡದ ಮಾಳದಿಂದ ಕಡಲ ಕಡೆ ಇಳಿದರೆ ಕಾಪು ಸೀಮೆಯ ಮಟ್ಟು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳದ ಗದ್ದೆಗಳಿವು. ಬದನೆಯ ಹೂವಿನಲ್ಲಿ ಪರಾಗ ತುದಿಯ ಸಣ್ಣ ರಂಧ್ರದಿಂದಷ್ಟೇ ಉದುರುತ್ತದೆ. ಹೂ ಹಿಡಿದು ಅದುರಿಸಬೇಕು. ಆ ವಿದ್ಯೆ ಜೇನಿಗೆ ಬಾರದು, ಗುಂಯ್‌ಗುಡುವ ಕರಿ ದುಂಬಿಗೆ ಬರುತ್ತದೆ. ಜೇನನ್ನು ಹೊಗಳುವಾಗ ಈ ಒಂಟಿ ಕೆಲಸಗಾರರನ್ನೂ ಮರೆಯಬಾರದು.

ಉಡುಪಿಯ ಕೃಷ್ಣಮಠದ ಪಂಚಾಮೃತದಲ್ಲಿ ಜೇನಿಗೂ ಒಂದು ಪಾಲುಂಟು. ಅದೇ ಉಡುಪಿಗೆ ಹತ್ತಿಕೊಂಡ ಮಣಿಪಾಲದಂಥ ಊರಿನಲ್ಲಿ ಎತ್ತರದ ಕಟ್ಟಡದ ಸಜ್ಜೆಗೆ ಹೆಜ್ಜೇನು ಕೂತರೆ ರಾತ್ರಿ ಬೆಂಕಿ ಹಿಡಿಸುವ ಯೋಚನೆಯೇ ಮೊದಲು ಬರುತ್ತದೆ. ಹೆಜ್ಜೇನು ಋತು ನೋಡಿ ತಾನೇ ವಲಸೆ ಹೋಗುವ ಜಾತಿ. ಮುಟ್ಟದೆ, ಕೆಣಕದೆ ಬಿಡಿ; ಜನ ಓಡಾಡುವ ಜಾಗವಾದರೆ ತಿಳಿದವರನ್ನು ಕರೆಯಿರಿ. ಪಾಲಾಗಿ ಬಂದ ತುಡುವೆ ಅಂಗಳದ ಮರಕ್ಕೆ ಜೋತುಬಿದ್ದರೆ ಹೊಗೆ ಹಾಕಬೇಡಿ, ಹತ್ತಿರದ ಜೇನು ಸಾಕುವವರಿಗೆ ಹೇಳಿ ಕಳಿಸಿ. ಪೆಟ್ಟಿಗೆ ಇಟ್ಟವರು ಸಂಸಾರಕೋಣೆಯ ಜೇನಿಗೆ ಕೈ ಹಾಕದಿರಲಿ, ಮಳೆಗಾಲಕ್ಕೆ ಅವುಗಳ ಪಾಲು ಉಳಿಯಲಿ. ಗೇರು ಹೂಬಿಟ್ಟಾಗ ಟೀ ಸೊಳ್ಳೆ ಎಂಬ ಕೀಟಕ್ಕೆ ಮದ್ದು ಹೊಡೆಯಲೇಬೇಕಾದವರು ನೊಣಗಳೆಲ್ಲ ಗೂಡು ಸೇರಿದ ಮೇಲೆ, ಹೊತ್ತು ಮುಳುಗಿದ ನಂತರ ಹೊಡೆಯಲಿ.